ಎರಡು ಪಟಗಳ ನಡುವೆ

ದಲಿತ ವಿಮರ್ಶೆ ಎಂದಕೂಡಲೇ ನಮ್ಮ ಕಣ್ಣು ಪುಸ್ತಕದ ಕಡೆಗೇ ಹೋಗುತ್ತದೆ. ಕಾವ್ಯ, ಕತೆ, ಆತ್ಮಕತೆ, ಹೆಚ್ಚೆಂದರೆ ನಾಟಕ. ಇದು ಸಹಜವೇ. ಅಕ್ಷರವನ್ನೇ ನಿರಾಕರಿಸಿದ ಸಮಾಜದಲ್ಲಿ ಅಕ್ಷರವನ್ನು ಕೈಗೆತ್ತಿಕೊಂಡದ್ದೇ ಮೊದಲ ಬಂಡಾಯವಾಗಿತ್ತು. ಆದರೆ ಕನ್ನಡದಲ್ಲಿ ದಲಿತ ಬರವಣಿಗೆ ಗಟ್ಟಿ ದನಿ ಪಡೆದದ್ದು 1970ರ ದಶಕದಲ್ಲಿ. ಅದಕ್ಕೆ ನೂರು ವರ್ಷ ಮೊದಲೇ, 1868ರಿಂದ 1875ರವರೆಗೆ, 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳಲ್ಲಿ ಬ್ರಿಟಿಷ್ ಸರ್ಕಾರ ಈ ದೇಶದ ಜಾತಿ, ಬುಡಕಟ್ಟುಗಳ ಪಟ ಹಿಡಿದು ಅಂಟಿಸಿ ಮುಗಿಸಿತ್ತು. ಅಂದರೆ ನಾವು ಬರೆಯುವ ಮೊದಲೇ ನಮ್ಮನ್ನು ಹಿಡಿದಾಗಿತ್ತು. ಹೀಗಿರುವಾಗ ಪಟಗಳನ್ನು ಓದದ ವಿಮರ್ಶೆ ಅರ್ಧ ವಿಮರ್ಶೆ ಮಾತ್ರ.

ಇಲ್ಲಿ ನಾನು ಎತ್ತಿಕೊಳ್ಳುತ್ತಿರುವುದು ಒಂಟಿ ಪಟವನ್ನಲ್ಲ, ಸಾಲುಪಟವನ್ನು. ಒಂದಾದ ಮೇಲೆ ಒಂದು ತೆಗೆದು, ಸಾಲಾಗಿ ಜೋಡಿಸಿ, ಓಡುವುದನ್ನು ಓಡುವಂತೆ, ಬದಲಾಗುವುದನ್ನು ಬದಲಾಗುವಂತೆ ತೋರಿಸುವ ಪಟಗಳು. ಒಂಟಿ ಪಟ ಒಂದು ಗಳಿಗೆಯನ್ನು ಹೇಳುತ್ತದೆ. ಸಾಲುಪಟ ಹಾಗಲ್ಲ, 'ಇದಾದ ಮೇಲೆ ಇದಾಯಿತು' ಎಂದು ಕತೆ ಕಟ್ಟುತ್ತದೆ. ಮೊದಲು ಹೀಗಿತ್ತು, ಈಗ ಹೀಗಾಗಿದೆ ನೋಡಿ ಎಂದು ಸಾಕ್ಷಿ ನುಡಿಯುತ್ತದೆ. ಆದರೆ ಎಂಥ ಸಾಲಿನಲ್ಲೂ ಒಂದು ಪಟಕ್ಕೂ ಇನ್ನೊಂದಕ್ಕೂ ನಡುವೆ ಖಾಲಿ ಜಾಗ ಇದ್ದೇ ಇರುತ್ತದೆ. ಅಲ್ಲಿ ಕ್ಯಾಮೆರಾ ಕಣ್ಣು ಮುಚ್ಚಿಕೊಂಡಿರುತ್ತದೆ. ನೋಡುವವನು ಆ ಖಾಲಿಯನ್ನು ತನ್ನ ಮನಸ್ಸಿನಿಂದ ತುಂಬಿಕೊಳ್ಳುತ್ತಾನೆ. ಆ ಮನಸ್ಸು ಯಾರದು, ಅದಕ್ಕೆ ಯಾವ ಸಂಸ್ಕಾರ ಸಿಕ್ಕಿದೆ ಎಂಬುದೇ ಪ್ರಶ್ನೆ. ಈ ಪ್ರಶ್ನೆಯನ್ನು ಹಿಡಿದುಕೊಂಡು ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ಸೀಮೆಯ ಕೆಲವು ಚಿತ್ರಸರಣಿಗಳನ್ನು ಓದುವುದು ಈ ಬರಹದ ಉದ್ದೇಶ.

1

ಮೊದಲು ಹೊರಗಿನ ಕತೆ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ಓಡುವ ಕುದುರೆಯೇ ದಾರ ತುಳಿದು ಒಂದೊಂದನ್ನೂ ಮಿಟುಕಿಸುವಂತೆ ಮಾಡಿದ. ಕುದುರೆ ಓಡುವಾಗ ನಾಲ್ಕು ಕಾಲೂ ಒಂದೇ ಸಲ ನೆಲ ಬಿಡುತ್ತವೆಯೋ ಇಲ್ಲವೋ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ಸಿಕ್ಕಿತು. ಸಿನಿಮಾದ ಚರಿತ್ರೆ ಬರೆಯುವವರೆಲ್ಲ ಇಲ್ಲಿಂದಲೇ ಶುರು ಮಾಡುತ್ತಾರೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಈ ಪ್ರಯೋಗಕ್ಕೆ ದುಡ್ಡು ಕೊಟ್ಟವನು ಲೀಲಂಡ್ ಸ್ಟ್ಯಾನ್‌ಫರ್ಡ್, ರೈಲ್ವೆಯ ಧಣಿ. ಅವನ ಸೆಂಟ್ರಲ್ ಪೆಸಿಫಿಕ್ ರೈಲುಹಾದಿಗೆ ಬೆಟ್ಟ ಕಡಿದವರಲ್ಲಿ ಬಹುಪಾಲು ಚೀನೀ ಕೂಲಿಗಳು. 1869ರಲ್ಲಿ ಎರಡು ಕಡೆಯ ಹಳಿ ಕೂಡಿದ ದಿನ ತೆಗೆದ ಹೆಸರಾಂತ ಪಟದಲ್ಲಿ ಎಂಜಿನಿಯರುಗಳು ಕೈ ಕುಲುಕುತ್ತಿದ್ದಾರೆ. ಹಳಿ ಹಾಸಿದ ಆ ಸಾವಿರಾರು ಚೀನೀಯರಿಗೆ ಅದರಲ್ಲಿ ಜಾಗವಿಲ್ಲ.

ಮುಂದೆ 1887ರಲ್ಲಿ ಮೈಬ್ರಿಜ್ 781 ಫಲಕಗಳ 'ಅನಿಮಲ್ ಲೋಕೋಮೋಷನ್' ಪ್ರಕಟಿಸಿದ. ಅದರ 626ನೆಯ ಫಲಕದಲ್ಲಿ ಒಬ್ಬ ಕಪ್ಪು ಸವಾರ ಕುದುರೆ ಓಡಿಸುತ್ತಿದ್ದಾನೆ. ಕುದುರೆಯ ಹೆಸರು 'ಆನಿ ಜಿ' ಎಂದು ದಾಖಲಾಗಿದೆ. ಸವಾರನ ಹೆಸರು ದಾಖಲಾಗಲಿಲ್ಲ. 2022ರಲ್ಲಿ ಜೋರ್ಡನ್ ಪೀಲ್ ಎಂಬ ಕಪ್ಪು ನಿರ್ದೇಶಕ ತನ್ನ 'ನೋಪ್' ಚಿತ್ರದಲ್ಲಿ ಈ ಹೆಸರಿಲ್ಲದವನನ್ನೇ ಎತ್ತಿ ತೋರಿಸಿದ. ನೂರ ಮೂವತ್ತೈದು ವರ್ಷ ಆ ಸಾಲನ್ನು ನೋಡಿದವರಿಗೆ ಕುದುರೆಯ ಕಾಲು ಕಂಡಿತ್ತು, ಮನುಷ್ಯನ ಮುಖ ಕಂಡಿರಲಿಲ್ಲ.

ಅದೇ ಕಾಲಕ್ಕೆ ಫ್ರಾನ್ಸಿನಲ್ಲಿ ಎತಿಯೆನ್ ಜೂಲ್ ಮಾರೆ ಇನ್ನೂ ಮುಂದೆ ಹೋದ. ನಡೆಯುವವನಿಗೆ ಮೈತುಂಬ ಕಪ್ಪು ಬಟ್ಟೆ ತೊಡಿಸಿ, ಕೈಕಾಲಿನ ಉದ್ದಕ್ಕೂ ಬಿಳಿ ಪಟ್ಟಿ ಅಂಟಿಸಿ, ಕಪ್ಪು ಗೋಡೆಯ ಮುಂದೆ ನಡೆಸಿದ. ಪಟದಲ್ಲಿ ಮೂಡಿದ್ದು ಬರೀ ಗೆರೆಗಳು. ಮನುಷ್ಯ ಅಳಿಸಿಹೋಗಿ ಅವನ ನಡಿಗೆ ಮಾತ್ರ ಉಳಿಯಿತು. ವಿಜ್ಞಾನಕ್ಕೆ ಇದು ದೊಡ್ಡ ಗೆಲುವೇ. ಆದರೆ ದುಡಿಯುವ ಜನರನ್ನು ಯಜಮಾನರು ನೋಡುವ ಬಗೆಗೆ ಇದಕ್ಕಿಂತ ನೇರವಾದ ರೂಪಕ ಇನ್ನೊಂದಿಲ್ಲ. ಕೈ ಬೇಕು, ಕಾಲು ಬೇಕು, ಅವುಗಳ ಚಲನೆ ಬೇಕು, ಆಳು ಬೇಡ. 1895ರಲ್ಲಿ ಮಾರೆಯ ಶಿಷ್ಯಪರಂಪರೆಯ ಫೆಲಿಕ್ಸ್ ರೆನ್ಯೋ ಪ್ಯಾರಿಸ್ಸಿನ ಪ್ರದರ್ಶನಕ್ಕೆ ತಂದಿದ್ದ ಆಫ್ರಿಕದ ವೊಲೊಫ್ ಹೆಂಗಸು ಮಡಕೆ ಮಾಡುವುದನ್ನು ಇದೇ ವಿಧಾನದಲ್ಲಿ ಸಾಲುಪಟವಾಗಿ ತೆಗೆದ. ಜನಾಂಗಗಳನ್ನು ಮೈಯ ಚಲನೆಯಿಂದ ಮೇಲು ಕೀಳು ಎಂದು ಜೋಡಿಸುವುದು ಅವನ ಆಸೆಯಾಗಿತ್ತು. ಆಕೆಗೆ ಹೆಸರಿಲ್ಲ. ಮಡಕೆಗೆ ಮಾತ್ರ ವಿವರ ಇದೆ.

ಇಲ್ಲಿ ಕನ್ನಡದ ಎರಡು ಮಾತುಗಳನ್ನು ಎದುರುಬದುರು ಇಡಬೇಕೆನಿಸುತ್ತದೆ: ಚಲನೆ ಮತ್ತು ಚಳವಳಿ. ಬೇರು ಒಂದೇ, ಅರ್ಥ ಬೇರೆ. ಚಲನೆಯಲ್ಲಿ ಮೈ ಕದಲುತ್ತದೆ, ಚಳವಳಿಯಲ್ಲಿ ಮನುಷ್ಯ ಕದಲುತ್ತಾನೆ. ಸಾಲುಪಟದ ಕಲೆ ಹುಟ್ಟಿನಿಂದಲೇ ಮೊದಲನೆಯದಕ್ಕೆ ಒಲಿದದ್ದು, ಎರಡನೆಯದರ ಮುಂದೆ ತಡವರಿಸುವಂಥದ್ದು. 1986ರ ಮಾರ್ಚಿಯಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ಬಿದ್ದು ಬಟ್ಟೆ ಹರಿಯಿತು. ಆ ಸೇವೆಯೂ ಒಂದು ಚಲನೆಯೇ. ಹೊಳೆಯಿಂದ ಗುಡಿಗೆ ಬೆತ್ತಲೆ ಮೈಗಳ ನಡಿಗೆ. ವಿಚಿತ್ರವನ್ನು ಹುಡುಕುವ ಕ್ಯಾಮೆರಾಕ್ಕೆ ಈ ನಡಿಗೆ ನಡೆಯುತ್ತಲೇ ಇರಬೇಕು, ನಿಂತರೆ ಅದಕ್ಕೆ ಪಟವಿಲ್ಲ. ಚಳವಳಿಗೆ ಬೇಕಾದದ್ದು ಆ ನಡಿಗೆ ನಿಲ್ಲುವುದು. ಈ ವಿರೋಧವನ್ನು ಮರೆತು ಪಟಗಳ ಸೌಂದರ್ಯವನ್ನು ಚರ್ಚಿಸಲು ಸಾಧ್ಯವಿಲ್ಲ.

2

ಈಗ ನಮ್ಮ ಕಾಡಿಗೆ ಬರೋಣ. ಹೆಗ್ಗಡದೇವನಕೋಟೆಯ ಕಾಕನಕೋಟೆಯಲ್ಲಿ, ಕಬಿನಿ ಹೊಳೆಯ ದಡದಲ್ಲಿ, ಮೈಸೂರು ಅರಸರ ಕಾಲದಿಂದ ಖೆಡ್ಡಾ ನಡೆಯುತ್ತಿತ್ತು. ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಾಡಾನೆಗಳ ಹಿಂಡನ್ನು ಸುತ್ತುವರಿದು, ತಮಟೆ ಬಡಿದು, ಬೆಂಕಿ ಹಾಕಿ, ಹೊಳೆಗೆ ಇಳಿಸಿ, ಮರದ ದಿಮ್ಮಿಗಳ ಕಟ್ಟಿನೊಳಗೆ ನೂಕಿ, ಬಾಗಿಲು ಬೀಳಿಸಿ, ಸಾಕಾನೆಗಳ ನೆರವಿನಿಂದ ಹಗ್ಗ ಬಿಗಿಯುವುದು. ಒಂದಾದ ಮೇಲೆ ಒಂದು ನಡೆಯುವ ಈ ಕೆಲಸ ಸಾಲುಪಟಕ್ಕೆ ಹೇಳಿ ಮಾಡಿಸಿದಂತಿತ್ತು. 1906ರಲ್ಲಿ ಮುಂದೆ ಐದನೇ ಜಾರ್ಜ್ ಆದ ಯುವರಾಜ ಇಲ್ಲಿಗೆ ಬಂದಿದ್ದ. ವೈಸರಾಯ್‌ಗಳು, ರಾಜಕುಮಾರರು ಬಂದಾಗಲೆಲ್ಲ ಕ್ಯಾಮೆರಾಗಳೂ ಬಂದವು. ಅಟ್ಟುವುದು, ಹೊಳೆ ದಾಟಿಸುವುದು, ಬಾಗಿಲು ಬೀಳುವುದು, ಹಗ್ಗ ಬಿಗಿಯುವುದು ಎಂಬ ಕ್ರಮದಲ್ಲಿ ಆಲ್ಬಮ್ಮುಗಳು ತಯಾರಾದವು.

ಈ ಕ್ರಮವನ್ನು ಗಮನಿಸಿ. ಖೆಡ್ಡಾ ಶುರುವಾಗುವುದು ಅಟ್ಟುವುದರಿಂದಲ್ಲ. ಆನೆ ಎಲ್ಲಿದೆ, ಯಾವ ಕಡವಿನಲ್ಲಿ ಹೊಳೆ ದಾಟುತ್ತದೆ, ಹಿಂಡಿನಲ್ಲಿ ಮರಿ ಎಷ್ಟು, ಸಲಗ ಯಾವ ಕಡೆ ತಿರುಗಬಹುದು ಎಂಬುದನ್ನೆಲ್ಲ ಬಲ್ಲವರು ಜೇನುಕುರುಬರು, ಬೆಟ್ಟಕುರುಬರು. ವಾರಗಟ್ಟಲೆ ಅವರ ಹೆಜ್ಜೆಗಾರಿಕೆ ನಡೆದ ಮೇಲೆ ಅತಿಥಿಗಳು ಅಟ್ಟಣೆ ಹತ್ತಿ ಕೂರುವುದು. ಆ ತಿಳಿವಳಿಕೆಗೆ ಪಟವಿಲ್ಲ. ಪಟದಲ್ಲಿ ಅವರು ಕಾಣುವುದು ದೂರದ ಗೆರೆಯಾಗಿ, ಹೊಗೆಯ ನಡುವಿನ ಗುಂಪಾಗಿ. ಮಾರೆಯ ಕಪ್ಪು ಬಟ್ಟೆಯ ಮನುಷ್ಯನಂತೆ ಇಲ್ಲಿಯೂ ಗೆರೆ ಉಳಿದಿದೆ, ಆಳಿಲ್ಲ. ಹಿಡಿದ ಆನೆಗಳಿಗೆ ಹೆಸರಿಟ್ಟರು, ಲೆಕ್ಕ ಬರೆದರು. ಅಟ್ಟಿದವರು 'ಕುರುಬರು' ಎಂಬ ಒಂದೇ ಬಹುವಚನದಲ್ಲಿ ಮುಗಿದುಹೋದರು.

1930ರ ದಶಕದ ನಡುವಿನಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಪ್ರಸಿದ್ಧ ಸಾಕ್ಷ್ಯಚಿತ್ರಕಾರ ಮೈಸೂರಿಗೆ ಬಂದು ಚಿತ್ರೀಕರಿಸಿದ 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಗೆ ಬಂತು. ಕಾರಾಪುರದಲ್ಲಿ ಹುಟ್ಟಿದ, ಮಾವುತನ ಮಗ ಸಾಬು ಅದರಿಂದ ಹಾಲಿವುಡ್‌ಗೆ ಹೋದ. ಬಡ ಮುಸ್ಲಿಂ ಮಾವುತನ ಮಗನೊಬ್ಬನಿಗೆ ಹೆಸರು ಬಂತಲ್ಲ ಎಂದು ನಾವು ಸಂತೋಷಪಡಬೇಕು. ಆದರೆ ಅಲ್ಲಿಯೂ ಲೆಕ್ಕ ನೋಡಿ: ಒಂದು ಕಾಡಿನ ಪೂರಾ ದುಡಿಮೆಗೆ ತೆರೆಯ ಮೇಲೆ ದಕ್ಕಿದ್ದು ಒಂದು ಹೆಸರು. ಅದೂ ಆನೆಯ ಮೇಲೆ ಕೂತದ್ದರಿಂದ.

ಮುಂದೆ 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಕಾಕನಕೋಟೆಯ ಕಾಡಿನ ದೊಡ್ಡ ಭಾಗ ನೀರಿನಡಿ ಹೋಯಿತು. 1977ರಲ್ಲಿ ಮಾಸ್ತಿಯವರ 'ಕಾಕನಕೋಟೆ' ನಾಟಕ ಸಿ.ಆರ್. ಸಿಂಹ ಅವರ ನಿರ್ದೇಶನದಲ್ಲಿ ಸಿನಿಮಾ ಆಯಿತು. ಅರಸೊತ್ತಿಗೆಯ ಕಂದಾಯದ ಎದುರು ಕಾಡುಕುರುಬರು ನಿಲ್ಲುವ ಕತೆ ಅದು. ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನೆಲ ಮುಳುಗಿದ ಮೂರು ವರ್ಷಕ್ಕೆ ಆ ನೆಲದ ಪ್ರತಿರೋಧ ತೆರೆಗೆ ಬಂತು, ಅದೂ ಅರಸರ ಕಾಲದ ಪ್ರತಿರೋಧವಾಗಿ. ಈ ಕಾಲದ ಪ್ರಭುತ್ವದ ಎದುರು ಕುರುಬರು ಏನು ಹೇಳಿದರು ಎಂಬ ಪಟ ಆ ಎರಡು ಇಸವಿಗಳ ನಡುವಿನ ಖಾಲಿಯಲ್ಲಿದೆ.

3

ಬೈಲಕುಪ್ಪೆಯ ಸಾಲುಪಟ ಎಲ್ಲರಿಗೂ ಗೊತ್ತಿರುವಂಥದ್ದೇ. ಟಿಬೆಟ್ ಬಿಟ್ಟು ಬಂದ ನಿರಾಶ್ರಿತರಿಗೆ 1960ರಲ್ಲಿ ಆಗಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಭಾರತದಲ್ಲಿ ಅವರ ಮೊದಲ ನೆಲೆ ಇದು, ಲುಗ್ಸುಂಗ್ ಸಂಡುಪ್ಲಿಂಗ್. ಎರಡನೆಯದು ಡಿಕ್ಯಿ ಲಾರ್ಸೊ, 1969ರದು. ನಾಮ್‌ಡ್ರೋಲಿಂಗ್ ಮಠ ಶುರುವಾದದ್ದು 1963ರಲ್ಲಿ, ಜನ 'ಗೋಲ್ಡನ್ ಟೆಂಪಲ್' ಎನ್ನುವ ದೊಡ್ಡ ವಿಹಾರ ಆದದ್ದು 1999ರಲ್ಲಿ. ಈ ಚರಿತ್ರೆಯನ್ನು ತೋರಿಸುವ ಪಟಗಳ ಕ್ರಮ ಹೀಗಿರುತ್ತದೆ: ಮೊದಲು ದಟ್ಟ ಕಾಡು, ಡೇರೆಗಳು. ಆಮೇಲೆ ಮರ ಕಡಿದು ಬೆಂಕಿ ಹಾಕಿದ ಹೊಗೆ. ಆಮೇಲೆ ಟ್ರಾಕ್ಟರ್, ಮುಸುಕಿನ ಜೋಳದ ಹೊಲ. ಕಡೆಗೆ ಚಿನ್ನದ ಬಣ್ಣದ ಬುದ್ಧ.

ಒಂದು ಮಾತನ್ನು ಮೊದಲೇ ಸ್ಪಷ್ಟ ಮಾಡಬೇಕು. ನಿರಾಶ್ರಿತರ ಮೇಲೆ ಸಿಟ್ಟು ಮಾಡುವುದು ದಲಿತ ವಿಮರ್ಶೆಯ ಕೆಲಸ ಅಲ್ಲ. ತಂಪುನಾಡಿನಿಂದ ಬಂದ ಆ ಜನ ಇಲ್ಲಿನ ಬಿಸಿಲಿಗೆ, ಜ್ವರಕ್ಕೆ, ಆನೆಗಳಿಗೆ ಎದೆಕೊಟ್ಟು ಸತ್ತಿದ್ದಾರೆ, ಕಾಡು ಸವರಿದ್ದಾರೆ. ನೆಲ ಇಂದಿಗೂ ಅವರ ಸ್ವಂತದ್ದಲ್ಲ. ತಮ್ಮ ದೇಶವನ್ನು ಕಳೆದುಕೊಂಡವರ ಜೊತೆ ಊರನ್ನು ಕಳೆದುಕೊಂಡವರು ಜಗಳ ಆಡಿದರೆ ನಗುವವರು ಬೇರೆಯೇ ಇದ್ದಾರೆ. ನಮ್ಮ ತಕರಾರು ಪಟಗಳ ಸಾಲಿನ ಮೇಲೆ, ಆ ಸಾಲನ್ನು ಸಾಧ್ಯ ಮಾಡಿದ ಪ್ರಭುತ್ವದ ಮೇಲೆ.

ಆ ಸಾಲು ಮೊದಲನೇ ಪಟದಲ್ಲೇ ಒಂದು ಸುಳ್ಳು ಹೇಳುತ್ತದೆ: 'ಇಲ್ಲಿ ಬರೀ ಕಾಡಿತ್ತು.' ಈ ಸೀಮೆಯಲ್ಲಿ ಕಾಡು ಅಂದರೆ ಖಾಲಿ ಜಾಗ ಅಲ್ಲ. ದನ ಮೇಯುತ್ತಿತ್ತು, ಸೌದೆ ಬರುತ್ತಿತ್ತು, ಜೇನು, ಗೆಣಸು, ಸೊಪ್ಪು ಬರುತ್ತಿತ್ತು. ಭೂಮಿ ಇಲ್ಲದವರಿಗೆ ಕಾಡಂಚೇ ಭೂಮಿ. ಪಟದಲ್ಲಿ ಮರಗಳು ಮಾತ್ರ ಕಂಡರೆ ಈ ಬಾಳುವೆ ಚರಿತ್ರೆಯೊಳಗೆ ಬರುವ ಮೊದಲೇ ಹೊರಗೆ ಬೀಳುತ್ತದೆ. ಜೋಳದ ಹೊಲಕ್ಕೂ ಚಿನ್ನದ ವಿಹಾರಕ್ಕೂ ನಡುವೆ ಇನ್ನೊಂದು ಖಾಲಿ ಇದೆ. ಆ ಹೊಲಗಳಲ್ಲಿ ಕಳೆ ತೆಗೆದವರು, ಕಟ್ಟಡಗಳಿಗೆ ಜಲ್ಲಿ ಹೊತ್ತವರು, ಅಡುಗೆಮನೆಗಳಲ್ಲಿ ಪಾತ್ರೆ ಬೆಳಗಿದವರಲ್ಲಿ ಸುತ್ತಲ ಹಳ್ಳಿಗಳ ಕೂಲಿ ಜನರಿದ್ದಾರೆ. 'ಕಷ್ಟಪಟ್ಟು ಕಾಡನ್ನು ಚಿನ್ನ ಮಾಡಿದರು' ಎಂಬ ಶೀರ್ಷಿಕೆಯೊಳಗೆ ಈ ಕೂಲಿಗೆ ಜಾಗ ಸಿಕ್ಕುವುದಿಲ್ಲ.

ಇನ್ನು ಪ್ರಭುತ್ವದ ಮಾತು. ಯೋಜನೆ ಹಾಕಿ, ನೆಲ ಅಳೆದು, ಊರು ಕಟ್ಟಿ, ಸಹಕಾರ ಸಂಘ ಮಾಡಿ, ಶಾಲೆ ಆಸ್ಪತ್ರೆ ತೆರೆದು ಜನರನ್ನು ನೆಲೆ ನಿಲ್ಲಿಸಲು ಸಾಧ್ಯ ಎಂಬುದನ್ನು ಬೈಲಕುಪ್ಪೆ ತೋರಿಸಿಕೊಟ್ಟಿದೆ. 1968ರಲ್ಲಿ ಮೈರಾಡಾ ಸಂಸ್ಥೆ ಹುಟ್ಟಿದ್ದೇ ಟಿಬೆಟಿಯನ್ನರ ಪುನರ್ವಸತಿಗಾಗಿ, ಸ್ಥಳೀಯ ಬಡವರ ಕಡೆ ಅದು ತಿರುಗಿದ್ದು ಆಮೇಲೆ. ಈ ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲನ್ನು ಇಟ್ಟು ನೋಡಿ. ನಾಗರಹೊಳೆ 1955ರಲ್ಲಿ ವನ್ಯಧಾಮ, 1988ರಲ್ಲಿ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಕಾಯಿದೆಯ ನಂತರ ಜೇನುಕುರುಬರು, ಬೆಟ್ಟಕುರುಬರು, ಯರವರು ಕಾಡಿನಿಂದ ಹೊರಬಿದ್ದರು. ಹೈಕೋರ್ಟು ನೇಮಿಸಿದ ಪ್ರೊ. ಮುಜಫರ್ ಅಸ್ಸಾದಿ ಸಮಿತಿ 2014ರಲ್ಲಿ ಹೀಗೆ ಹೊರಬಿದ್ದ ಕುಟುಂಬಗಳನ್ನು 3,418 ಎಂದು ಎಣಿಸಿತು. ಹುಣಸೂರು ತಾಲ್ಲೂಕಿನ ನಾಗಾಪುರದ ಪುನರ್ವಸತಿ ಕೇಂದ್ರ ಶುರುವಾದದ್ದು 1999ರ ಹೊತ್ತಿಗೆ. ಅಂದರೆ ಬೈಲಕುಪ್ಪೆಯಲ್ಲಿ ಚಿನ್ನದ ಬುದ್ಧನ ಪಟ ಬಂದ ವರ್ಷವೇ ನಾಗಾಪುರದಲ್ಲಿ ಮೊದಲನೇ ಪಟ. ಒಂದು ಪುನರ್ವಸತಿಯ ಪಟಗಳು ಪ್ರವಾಸೋದ್ಯಮದ ಕ್ಯಾಲೆಂಡರಿನಲ್ಲಿವೆ, ಇನ್ನೊಂದರವು ಕೋರ್ಟಿನ ಕಡತದಲ್ಲಿ.

ಹುಣಸೂರು ದೇವರಾಜ ಅರಸರ ಕ್ಷೇತ್ರ. 1974ರ ಭೂಸುಧಾರಣೆಯ ಪಟ ಯಾವುದು? ಗೇಣಿದಾರ ಹಕ್ಕುಪತ್ರ ಹಿಡಿದು ನಿಂತ ಪಟ. ಅದು ದೊಡ್ಡ ಬದಲಾವಣೆಯೇ, ಅಲ್ಲಗಳೆಯುವುದಿಲ್ಲ. ಆದರೆ ಗೇಣಿಗೂ ನೆಲ ಸಿಗದೆ ಕೂಲಿಯಾಗಿ, ಜೀತವಾಗಿ ಉಳಿದಿದ್ದ ಹೊಲಗೇರಿ ಆ ಪಟದ ಚೌಕಟ್ಟಿನ ಆಚೆಗಿತ್ತು. 'ಉಳುವವನು' ಎಂಬ ಮಾತಿನೊಳಗೆ ನೇಗಿಲು ಹಿಡಿದವರೆಲ್ಲ ಬರಲಿಲ್ಲ.

ಬುದ್ಧನ ವಿಷಯವೂ ಇದೆ. ನಮಗೆ ಬುದ್ಧ ಬಂದದ್ದು 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ, ಬಾಬಾಸಾಹೇಬರ ಕೈಹಿಡಿದು. ಬೈಲಕುಪ್ಪೆಗೆ ಬುದ್ಧ ಬಂದದ್ದು ಹಿಮಾಲಯ ಇಳಿದು. ಲೋಸಾರ್ ಹಬ್ಬಕ್ಕೆ ಮುಂಚೆ ಮಠದ ಅಂಗಳದಲ್ಲಿ ಭಿಕ್ಷುಗಳು ಮುಖವಾಡ ತೊಟ್ಟು ಕುಣಿಯುವಾಗ ಬೆಂಗಳೂರಿನಿಂದ, ಹೊರದೇಶಗಳಿಂದ ಕ್ಯಾಮೆರಾಗಳು ಬರುತ್ತವೆ. ಸುತ್ತುವ ರೇಷ್ಮೆಯ ಬಣ್ಣ ಪಟದಲ್ಲಿ ಹರಿದಂತೆ ಕಾಣಲೆಂದು ನಿಧಾನದ ಷಟರ್ ಇಟ್ಟು ಸಾಲುಸಾಲಾಗಿ ತೆಗೆಯುತ್ತಾರೆ. ಸುಂದರವಾಗಿಯೇ ಇರುತ್ತವೆ. ಆದರೆ ಅಲ್ಲಿ ಬುದ್ಧಧರ್ಮ ಬರೀ ಚಲನೆ. ನಾಗಪುರದಲ್ಲಿ ಅದು ಚಳವಳಿ. ನಮ್ಮ ಕೇರಿಯ ಹುಡುಗರು ಭಾನುವಾರ ಗೋಲ್ಡನ್ ಟೆಂಪಲ್ಲಿಗೆ ಹೋಗಿ ಸೆಲ್ಫಿ ತೆಗೆದುಕೊಂಡು ಬರುತ್ತಾರಲ್ಲ, ಅವರ ಮೊಬೈಲಿನಲ್ಲಿ ಈ ಎರಡು ಬುದ್ಧರೂ ಪಕ್ಕಪಕ್ಕ ಇದ್ದಾರೆ. ಅವರಿಬ್ಬರ ನಡುವೆ ಮಾತು ಹುಟ್ಟಿಸುವುದು ವಿಮರ್ಶೆಯ ಕೆಲಸ.

4

ಇವತ್ತಿನ ಸಾಲುಪಟಗಳನ್ನು ಮನುಷ್ಯರು ತೆಗೆಯಬೇಕಾಗಿಯೂ ಇಲ್ಲ. ಮೈಬ್ರಿಜ್‌ನ ಕುದುರೆ ದಾರ ತುಳಿದಂತೆ ಈಗ ಕಾಡಿನ ದಾರಿಯಲ್ಲಿ ಹಾದುಹೋದ ಜೀವವೇ ಕ್ಯಾಮೆರಾವನ್ನು ಮಿಟುಕಿಸುತ್ತದೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1986ರಲ್ಲಿ ಹುಲಿ ಅಧ್ಯಯನ ಶುರುಮಾಡಿ, 1990ರ ದಶಕದಲ್ಲಿ ಕ್ಯಾಮೆರಾ ಟ್ರ್ಯಾಪ್ ಬಳಸಿ ಹುಲಿ ಎಣಿಸುವ ವಿಧಾನವನ್ನು ಬೆಳೆಸಿದರು. ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಟ್ಟು ಎರಡೂ ಪಕ್ಕೆಯ ಪಟ್ಟೆ ಹಿಡಿಯುವುದು, ಪಟ್ಟೆಯಿಂದ ಒಂದೊಂದು ಹುಲಿಯನ್ನೂ ಬೇರೆಬೇರೆ ಗುರುತಿಸುವುದು. ಹೆಜ್ಜೆಗುರುತಿನ ಅಂದಾಜಿಗಿಂತ ಇದು ಖಚಿತ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದೇ ದಾರಿಯಲ್ಲಿ ಸೌದೆಗೆ, ಜೇನಿಗೆ, ಗುಡಿಗೆ, ಸಮಾಧಿಗೆ ಹೋಗುವ ಮನುಷ್ಯ ಹಾದುಹೋದರೆ? ಹುಲಿ ಹಾದರೆ ಸಂಖ್ಯೆ ಸಿಗುತ್ತದೆ, ಮನುಷ್ಯ ಹಾದರೆ ಅತಿಕ್ರಮಣದ ಗುಮಾನಿ. ಉತ್ತರಾಖಂಡದ ಕಾರ್ಬೆಟ್‌ನಲ್ಲಿ ನಡೆದ, 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಯಂತ್ರಗಳು ಕಾಡಿಗೆ ಹೋಗುವ ಹೆಂಗಸರನ್ನು ಹೇಗೆ ಹೆದರಿಸಿ ಬಾಯಿ ಮುಚ್ಚಿಸಿವೆ ಎಂಬುದನ್ನು ದಾಖಲಿಸಿದೆ. ಬಯಲಿಗೆ ಕೂತ ಕೆಳಜಾತಿಯ ಹೆಂಗಸೊಬ್ಬಳ ಪಟ ಊರವರ ಮೊಬೈಲುಗಳಲ್ಲಿ ಹರಿದಾಡಿದ ಸಂಗತಿ ಅದರಲ್ಲಿದೆ. ಜನ ಕಾಡಿನಲ್ಲಿ ಹಾಡುವುದನ್ನೂ ಮಾತಾಡುವುದನ್ನೂ ಬಿಟ್ಟರಂತೆ.

ಇನ್ನೊಂದು ಕಣ್ಣು ಆಕಾಶದಲ್ಲಿದೆ. 1972ರಿಂದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ಭೂಮಿಯ ಪಟ ತೆಗೆಯುತ್ತಲೇ ಇವೆ. ಅವನ್ನು ಸಾಲಾಗಿ ಓಡಿಸಿದರೆ ಕಬಿನಿಯ ಹಿನ್ನೀರು ಹಿಗ್ಗುವುದು ಕುಗ್ಗುವುದು, ಹಸಿರು ಸರಿಯುವುದು ಎಲ್ಲ ಕಾಣುತ್ತದೆ. ಕಾಣದೇ ಇರುವುದು ಹಾಡಿ. ಮರದ ನೆರಳಿನಲ್ಲಿ ಹುಲ್ಲು ಹೊದಿಸಿದ ಹತ್ತು ಗುಡಿಸಲು ಮೇಲಿನ ಕಣ್ಣಿಗೆ ಬರೀ ಹಸಿರು. ಮರ ಕಡಿಯದೆ ಬದುಕಿದ್ದೇ ಅವರಿಗೆ ಮುಳುವಾಗುತ್ತದೆ: ಪಟದಲ್ಲಿ ಬದಲಾವಣೆ ಕಾಣಲಿಲ್ಲ, ಆದ್ದರಿಂದ ಅಲ್ಲಿ ಯಾರೂ ಇರಲಿಲ್ಲ! ಕಡಿದವನಿಗೆ ಸಾಕ್ಷಿ ಉಂಟು, ಕಾಪಾಡಿದವನಿಗೆ ಇಲ್ಲ. ಇದು ತಾತ್ವಿಕ ಚರ್ಚೆ ಅಲ್ಲ, ಹಕ್ಕಿನ ಪ್ರಶ್ನೆ. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳಿಗೆ 2012ರಲ್ಲಿ ತಂದ ತಿದ್ದುಪಡಿ ಈ ಮಾತನ್ನು ಸ್ಪಷ್ಟ ಮಾಡಿದೆ: ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕ ಆಗಬಹುದು, ಅದರ ಜಾಗಕ್ಕೆ ಬರುವಂತಿಲ್ಲ. ಹಿರಿಯರ ಹೇಳಿಕೆ, ಮನೆಯ ಕುರುಹು, ಬಾವಿ, ಸಮಾಧಿ, ದೇವರ ಜಾಗ ಇವೆಲ್ಲ ಸಾಕ್ಷ್ಯವೇ. ನಮ್ಮ ಕಾರ್ಯಕರ್ತರು ಈ ನಿಯಮವನ್ನು ಬಾಯಿಪಾಠ ಮಾಡಬೇಕು. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕೊಡಗು ಬದಿಯ ಕರಡಿಕಲ್ಲು ಅತ್ತೂರುಕೊಲ್ಲಿಗೆ 52 ಜೇನುಕುರುಬ ಕುಟುಂಬಗಳು ತಮ್ಮ ಹಿರಿಯರ ನೆಲವೆಂದು ವಾಪಸು ಹೋದಾಗ ನಡೆದದ್ದು ಚಲನೆ ಅಲ್ಲ, ಚಳವಳಿ. ಅಟ್ಟಿದ ದಿನದ ಪಟ ಇಲ್ಲದಿದ್ದರೂ ತಿರುಗಿ ಹೋದ ದಿನದ ಪಟ ಈಗ ಇದೆ.

5

ಇನ್ನು ಕೇರಿಯೊಳಗಿನ ಸಾಲುಪಟಕ್ಕೆ ಬರೋಣ. ಕಲೆಯ ಪುಸ್ತಕಗಳಲ್ಲಿ ಇದರ ಸುದ್ದಿ ಬರುವುದಿಲ್ಲ. ಅಂಬೇಡ್ಕರ್ ನಿವಾಸದಂಥ ಯೋಜನೆಯಲ್ಲಿ ಮನೆ ಮಂಜೂರಾದರೆ ಹಣ ಒಂದೇ ಸಲ ಬರುವುದಿಲ್ಲ. ಪಾಯ ಹಾಕಿದಾಗ ಒಂದು ಪಟ, ಲಿಂಟಲ್‌ಗೆ ಒಂದು, ಚಾವಣಿಗೆ ಒಂದು, ಪೂರ್ತಿಯಾದಾಗ ಒಂದು. ಜಾಗದ ಗುರುತಿನ ಸಮೇತ ಪಟ ಮೇಲೆ ಹೋದರೆ ಆ ಹಂತದ ಬಿಲ್ ಆಗುತ್ತದೆ. ಬಹುಶಃ ದಲಿತರ ಬದುಕಿನ ಬದಲಾವಣೆಯನ್ನು ಇಷ್ಟು ಕ್ರಮಬದ್ಧವಾಗಿ ದಾಖಲಿಸಿದ ಇನ್ನೊಂದು ಚಿತ್ರಸರಣಿ ಈ ರಾಜ್ಯದಲ್ಲಿಲ್ಲ. ಲಕ್ಷಾಂತರ ಮನೆಗಳು, ಒಂದೊಂದಕ್ಕೂ ಅದೇ ಸಾಲು.

ಈ ಸಾಲನ್ನು ಓದೋಣ. ಪಾಯದ ಪಟಕ್ಕೆ ಮೊದಲು ಹಳೇ ಮನೆ ಕೆಡವಬೇಕು. ಬಿಲ್ ಆಗುವುದು ಪಾಯ ಎದ್ದ ಮೇಲೆ, ಅಂದರೆ ಪಾಯಕ್ಕೆ ಸಾಲ ಮಾಡಬೇಕು. ಲಿಂಟಲ್ಲಿಗೂ ಚಾವಣಿಗೂ ನಡುವೆ ಒಂದು ಮಳೆಗಾಲ, ಒಂದು ಮದುವೆ, ಒಂದು ಆಸ್ಪತ್ರೆ ಬಂದುಬಿಡಬಹುದು. 'ಲಿಂಟಲ್‌ಗೆ ನಿಂತೋಗದೆ ಸ್ವಾಮಿ' ಎಂಬ ಮಾತನ್ನು ಕೇಳದ ಕೇರಿ ಯಾವುದಿದೆ? ಸರ್ಕಾರದ ಸಾಲಿನಲ್ಲಿ ಇದು 'ಪ್ರಗತಿಯಲ್ಲಿದೆ'. ಎರಡು ಪಟಗಳ ನಡುವೆ ಬಡ್ಡಿ ಓಡುತ್ತಿರುತ್ತದೆ, ಅದನ್ನು ಹಿಡಿಯುವ ಕ್ಯಾಮೆರಾ ಇನ್ನೂ ಬಂದಿಲ್ಲ.

ಕೂಲಿಯ ಪಟವೂ ಹೀಗೆಯೇ. ಉದ್ಯೋಗ ಖಾತರಿಯಲ್ಲಿ 2017ರ ನವೆಂಬರಿನಿಂದ ಕಾಮಗಾರಿಗೆ ಮುಂಚೆ, ನಡುವೆ, ಆದಮೇಲೆ ಎಂದು ಮೂರು ಪಟ ಕೇಳಿದರು. 2023ರ ಜನವರಿಯಿಂದ ದಿನಕ್ಕೆ ಎರಡು ಸಲ ಕೂಲಿಕಾರರ ಪಟ ಹಿಡಿದು ಹಾಜರಿ ಹಾಕುವುದು ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದೆ ಪಟ ಹೋಗದಿದ್ದರೆ ಮಾಡಿದ ಕೆಲಸಕ್ಕೆ ಲೆಕ್ಕವಿಲ್ಲ ಎಂಬ ದೂರು ದೇಶದ ಉದ್ದಗಲಕ್ಕೂ ಎದ್ದಿತು. ಬೆಳಗಿನ ಪಟಕ್ಕೂ ಮಧ್ಯಾಹ್ನದ ಪಟಕ್ಕೂ ನಡುವಿನ ಖಾಲಿ ಇದೆಯಲ್ಲ, ಮಣ್ಣು ಅಗೆದದ್ದು, ಹೊತ್ತದ್ದು, ನೀರು ಕುಡಿದದ್ದು ಎಲ್ಲ ಅದರಲ್ಲೇ ಇದೆ. ದುಡಿಮೆ ಆ ಖಾಲಿಯೊಳಗೆ ನಡೆಯಿತು, ಪಟ ಸಿಕ್ಕಿದ್ದು ಸಾಲಾಗಿ ನಿಂತದ್ದಕ್ಕೆ.

6

ಹಾಗಾದರೆ ಸಾಲುಪಟವನ್ನೇ ತಿರಸ್ಕರಿಸಬೇಕೆ? ಖಂಡಿತ ಅಲ್ಲ. ಜಾತಿಯನ್ನು ತೋರಿಸುವ ಶಕ್ತಿ ಇರುವುದು ಒಂಟಿ ಪಟಕ್ಕಿಂತ ಸಾಲಿಗೇ ಹೆಚ್ಚು. ಯಾಕೆಂದರೆ ಬದಲಾಗುವುದನ್ನು ಮಾತ್ರವಲ್ಲ, ಬದಲಾಗದೇ ಇರುವುದನ್ನೂ ಸಾಲು ಮಾತ್ರ ತೋರಿಸಬಲ್ಲುದು. ಒಂದು ಪಟದಲ್ಲಿ ಒಬ್ಬಳು ಕಸ ಗುಡಿಸುತ್ತಿದ್ದರೆ ಅದು ಒಂದು ದಿನದ ಕೆಲಸ. ಅಜ್ಜಿ, ತಾಯಿ, ಮಗಳು ಒಂದೇ ಬೀದಿಯನ್ನು ಗುಡಿಸುವ ಮೂರು ಪಟಗಳನ್ನು ಸಾಲಾಗಿ ಇಟ್ಟರೆ ಅದು ಜಾತಿ. ಪೊರಕೆ ಬದಲಾಗಿದೆ, ಸೀರೆ ಬದಲಾಗಿದೆ, ಬೀದಿಗೆ ಡಾಂಬರು ಬಂದಿದೆ, ಪೊರಕೆ ಹಿಡಿದ ಕೈಯ ಜಾತಿ ಬದಲಾಗಿಲ್ಲ. ಮುಂಬಯಿಯ ಪೌರಕಾರ್ಮಿಕರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸುಧಾರಕ್ ಓಲ್ವೆ, ತಮಿಳುನಾಡಿನಲ್ಲಿ ಮಲದ ಗುಂಡಿಗೆ ಇಳಿಯುವವರ ಜೊತೆ ನಿಂತ ಪಳನಿಕುಮಾರ್ ಮಾಡಿದ್ದು ಇಂಥ ಕೆಲಸ. 2017ರ 'ಕಕ್ಕೂಸ್' ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಹಿಡಿದವರೂ ಪಳನಿಕುಮಾರ್ ಅವರೇ. ಇವರ ಸರಣಿಗಳಲ್ಲಿ ಮತ್ತೆ ಮತ್ತೆ ಅದೇ ಗುಂಡಿ, ಅದೇ ಸಾವು, ಅದೇ ಅಳು ಬರುತ್ತದೆ. ಕಲಾವಿಮರ್ಶಕರು ಇದನ್ನು ಪುನರುಕ್ತಿ ಎಂದು ದೂರಬಹುದು. ಪುನರುಕ್ತಿ ಪಟದ್ದಲ್ಲ, ಸಮಾಜದ್ದು.

ನಮ್ಮ ಸೀಮೆಯಲ್ಲಿ ಇಂಥ ಸಾಲು ತೆಗೆಯಲು ಹೊಗೆಸೊಪ್ಪು ಒಂದೇ ಸಾಕು. ಪಿರಿಯಾಪಟ್ಟಣ, ಹುಣಸೂರು, ಕೋಟೆ ಕಡೆ ಮಳೆಗಾಲದಲ್ಲಿ ಗಿಡದ ಬುಡದಿಂದ ಎಲೆ ಮುರಿಯುತ್ತಾ ಬರುತ್ತಾರೆ, ಕಡ್ಡಿಗೆ ಕಟ್ಟುತ್ತಾರೆ, ಬ್ಯಾರನ್ನಿಗೆ ಏರಿಸುತ್ತಾರೆ. ಐದಾರು ದಿನ ಬೆಂಕಿ ಹಿಡಿದು ಕಾಯಬೇಕು. ಹಸಿರೆಲೆ ಹಳದಿಯಾಗಿ, ಬಣ್ಣ ನಿಂತು, ನಡುನಾರು ಒಣಗಿ ಹೊನ್ನಿನ ಬಣ್ಣಕ್ಕೆ ಬರುತ್ತದೆ. ಹರಾಜು ಕಟ್ಟೆಯಲ್ಲಿ ಆ ಬಣ್ಣಕ್ಕೇ ಬೆಲೆ. ಎಲೆಯ ಬದಲಾವಣೆಯನ್ನು ಗಂಟೆಗೊಂದು ಪಟ ತೆಗೆದು ಜೋಡಿಸಿದರೆ ಬಹಳ ಚೆಂದದ ಸಾಲು ಆಗುತ್ತದೆ. ಅದರ ಪಕ್ಕದಲ್ಲೇ ಸೊಪ್ಪು ಮುರಿದವಳ, ಕಟ್ಟಿದವಳ ಕೈಯನ್ನೂ ದಿನಕ್ಕೊಂದು ಪಟ ತೆಗೆಯಬೇಕು. ಸೊಪ್ಪಿನ ಅಂಟು ಹತ್ತಿ ಆ ಕೈ ಕಪ್ಪಾಗುತ್ತಾ ಹೋಗುತ್ತದೆ, ಊಟಕ್ಕೆ ಕೂತಾಗ ತೊಳೆದರೂ ಬಿಡುವುದಿಲ್ಲ. ಎಲೆ ಹೊನ್ನಾಗುವ ಸಾಲು, ಕೈ ಕಪ್ಪಾಗುವ ಸಾಲು. ಎರಡನ್ನೂ ಒಂದೇ ಗೋಡೆಗೆ ತೂಗುಹಾಕುವವನು ನಮ್ಮ ಛಾಯಾಗ್ರಾಹಕ.

ಆದ್ದರಿಂದ ಯಾವ ಸಾಲುಪಟ ಎದುರಾದರೂ ನಾವು ಕೇಳಬೇಕಾದ ಪ್ರಶ್ನೆಗಳು ಇವು. ಸಾಲು ಎಲ್ಲಿಂದ ಶುರುವಾಗಿದೆ, ಅದಕ್ಕಿಂತ ಮುಂಚೆ ಅಲ್ಲಿ ಯಾರಿದ್ದರು? ಎರಡು ಪಟಗಳ ನಡುವೆ ಎಷ್ಟು ಹೊತ್ತು ಕಳೆಯಿತು, ಆ ಹೊತ್ತಿನಲ್ಲಿ ಯಾರು ದುಡಿದರು? ಹೆಸರು ಯಾರಿಗೆ ಸಿಕ್ಕಿದೆ, ಬಹುವಚನ ಯಾರಿಗೆ? ಎಲ್ಲ ಬದಲಾದಾಗಲೂ ಯಾವ ಕೈ ಬದಲಾಗದೆ ಉಳಿದಿದೆ? ಸಾಲನ್ನು ಎಲ್ಲಿಗೆ ನಿಲ್ಲಿಸಿದ್ದಾರೆ, ನಿಲ್ಲಿಸಿದ್ದರಿಂದ ಲಾಭ ಯಾರಿಗೆ? ಸೌಂದರ್ಯದ ಪ್ರಶ್ನೆ ಈ ಪ್ರಶ್ನೆಗಳ ಆಮೇಲೆ ಬರಲಿ, ಬೇಡ ಎನ್ನುವುದಿಲ್ಲ.

ಕಡೆಯದಾಗಿ ಒಂದು ಕೆಲಸದ ಮಾತು. ನಮ್ಮ ಕೇರಿಗಳ ಟ್ರಂಕುಗಳಲ್ಲಿ, ಮುಚ್ಚಿಹೋದ ಸ್ಟುಡಿಯೋಗಳ ಡಬ್ಬಗಳಲ್ಲಿ, ಜಾಥಾ, ಧರಣಿ, ಅಂಬೇಡ್ಕರ್ ಜಯಂತಿ, ಹಾಸ್ಟೆಲ್ಲಿನ ಗುಂಪುಪಟಗಳು ಗೆದ್ದಲು ಹಿಡಿಯುತ್ತಿವೆ. ದಸಂಸದ ದಶಕಗಳ ಚಳವಳಿಯ ಸಾಲುಪಟ ಅಲ್ಲೇ ಚೆಲ್ಲಾಪಿಲ್ಲಿಯಾಗಿ ಬಿದ್ದಿದೆ. ಅವನ್ನು ಹೊರಗೆ ತೆಗೆಯಬೇಕು. ಇಸವಿ ಕೇಳಿ ಬರೆಯಬೇಕು, ಕ್ರಮಕ್ಕೆ ಜೋಡಿಸಬೇಕು. ಎಡದಿಂದ ಬಲಕ್ಕೆ ಯಾರ್ಯಾರು ನಿಂತಿದ್ದಾರೆ ಎಂದು, ಇನ್ನೂ ಗುರುತು ಹೇಳುವ ಹಿರಿಯರು ಬದುಕಿರುವಾಗಲೇ, ಪಟದ ಹಿಂದೆ ಒಬ್ಬೊಬ್ಬರ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದಿಡಬೇಕು. ಬ್ಯಾನರು ಹಿಡಿದವರ ಹೆಸರು ಗೊತ್ತಿರುತ್ತದೆ, ಕಡೇ ಸಾಲಿನಲ್ಲಿ ಮಗು ಎತ್ತಿಕೊಂಡು ನಿಂತ ಹೆಂಗಸಿನ ಹೆಸರನ್ನು ಕೇಳಿ ಬರೆಯಿರಿ.